ಮೀಸೆಗೆ ಹತ್ತಿದ ಮಣ್ಣು

(ಸಂಘದ ಉಚಿತ ವಾಚನಾಲಯದಲ್ಲಿ, ಕುಸ್ತಿ ಪಂದ್ಯಗಳಿಗೆ ಇಳಿಯುವ ತರುಣರಿಗಾಗಿ ಮಾಡಿದ ಭಾಷಣ)



ಪುಸ್ತಕದ ಕಪಾಟುಗಳ ನಡುವೆ ನಿಂತು ಕುಸ್ತಿಯ ಮಾತನ್ನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಸಂಜೆ ಇಲ್ಲಿ ಪತ್ರಿಕೆ ಓದಲು ಬರುವ ತರುಣರಲ್ಲಿ ಹಲವರು ಬೆಳಗಿನ ಜಾವ ಗರಡಿಗೆ ಹೋಗಿ ಸಾಮು ಮಾಡುವವರೆಂದು ಕಾರ್ಯದರ್ಶಿಗಳು ತಿಳಿಸಿದರು. ಅವರಲ್ಲಿ ಕೆಲವರು ಮುಂದಿನ ಪಂದ್ಯಗಳಿಗೆ ಹೆಸರನ್ನೂ ಕೊಟ್ಟಿದ್ದಾರಂತೆ. ಅವರಿಗೆ ಉಪಯೋಗವಾಗುವ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಡಾವು ಕಲಿಸುವುದು ಉಸ್ತಾದರ ಕೆಲಸ. ಅದನ್ನು ಮಣ್ಣಿನ ಮೇಲೆ ಕಲಿಯಬೇಕೇ ಹೊರತು ಕುರ್ಚಿಯ ಮೇಲೆ ಕುಳಿತಲ್ಲ. ಆದುದರಿಂದ ಪಂದ್ಯದಲ್ಲಿ ನಮ್ಮ ನಮ್ಮ ದೌರ್ಬಲ್ಯವನ್ನು ನಾವೇ ಗುರುತಿಸಿಕೊಳ್ಳುವುದು ಹೇಗೆ ಎಂಬ ಒಂದೇ ವಿಷಯವನ್ನು ಇಂದು ಎತ್ತಿಕೊಂಡಿದ್ದೇನೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಸೋಲನ್ನು ಒಪ್ಪದವನನ್ನು ಕಂಡು ನಗುವುದಕ್ಕೆ ನಮ್ಮ ಹಿರಿಯರು ಮಾಡಿದ ಗಾದೆ ಅದು. ನಗು ಸರಿಯೆ. ಆದರೆ ಆ ಜಟ್ಟಿ ಕಳೆದುಕೊಂಡದ್ದು ಏನು ಎಂಬುದನ್ನು ನಾವು ಯೋಚಿಸುವುದಿಲ್ಲ. ಮಾನವನ್ನಂತೂ ಅವನು ಕಳೆದುಕೊಳ್ಳಲಿಲ್ಲ, ಬಿದ್ದವನೂ ಮಾನವಂತನೇ. ಅವನು ಕಳೆದುಕೊಂಡದ್ದು ಪಾಠವನ್ನು. ಮೀಸೆಗೆ ಹತ್ತಿದ ಮಣ್ಣನ್ನು ಒರೆಸಿಕೊಳ್ಳುವ ಮೊದಲು, ಇದು ಯಾವ ಕಡೆಯಿಂದ ಹತ್ತಿತು, ಯಾವಾಗ ಹತ್ತಿತು ಎಂದು ನೋಡಿಕೊಂಡವನು ಮುಂದಿನ ಕುಸ್ತಿಗೆ ಆಗಲೇ ಅರ್ಧ ಸಿದ್ಧನಾದಂತೆ.

ಮೊದಲು ಒಂದು ಮಾತನ್ನು ಸ್ಪಷ್ಟಮಾಡಿಕೊಳ್ಳೋಣ. ದೌರ್ಬಲ್ಯ ಗರಡಿಯಲ್ಲಿ ಕಾಣುವುದಿಲ್ಲವೇ, ಅದಕ್ಕೆ ಪಂದ್ಯವೇ ಏಕೆ ಬೇಕು ಎಂದು ನೀವು ಕೇಳಬಹುದು. ಗರಡಿಯಲ್ಲಿ ಕಾಣುತ್ತದೆ, ಆದರೆ ಪೂರ್ತಿ ಕಾಣುವುದಿಲ್ಲ. ಅಲ್ಲಿ ದಿನವೂ ಅದೇ ನಾಲ್ಕು ಮಂದಿ ಜೊತೆಗಾರರು. ಅವರ ಡಾವು ನಿಮಗೆ ಗೊತ್ತು, ನಿಮ್ಮದು ಅವರಿಗೆ ಗೊತ್ತು. ಹಿರಿಯ ಪೈಲ್ವಾನನು ಕೈ ತಡೆದು ಹಿಡಿಯುತ್ತಾನೆ. ಕಿರಿಯನು ಗೌರವಕ್ಕಾಗಿ ಸ್ವಲ್ಪ ಬಿಟ್ಟುಕೊಡುತ್ತಾನೆ. ದಣಿವಾದರೆ ಬದಿಗೆ ಸರಿದು ನಿಲ್ಲಬಹುದು. ತಕ್ಕಡಿಯಿಲ್ಲ, ಗಡಿಯಾರವಿಲ್ಲ, ಸುತ್ತ ಕೂಗುವ ಜನರಿಲ್ಲ. ಪಂದ್ಯದಲ್ಲಾದರೋ ಎದುರಿಗೆ ನಿಲ್ಲುವವನು ನಿಮ್ಮ ಹೆಸರನ್ನೂ ಕೇಳಿರದವನು. ಅವನಿಗೆ ನಿಮ್ಮ ಮೇಲೆ ದಾಕ್ಷಿಣ್ಯವಿಲ್ಲ. ಗೆಳೆಯರು ಆರು ತಿಂಗಳು ಹೇಳದೆ ಉಳಿದ ಮಾತನ್ನು ಅವನು ಆರು ನಿಮಿಷದಲ್ಲಿ ಹೇಳಿಬಿಡುತ್ತಾನೆ.

ಆದರೆ ಅವನು ನಿಮಗೆ ಸರಿಸಮನಾಗಿರಬೇಕು. ಮೈಸೂರು ದಸರೆಯ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯಕ್ರಮವೊಂದು ನಡೆಯುತ್ತದೆ. ಬಂದ ಪೈಲ್ವಾನರನ್ನು ನಿಲ್ಲಿಸಿ, ಮೈಕಟ್ಟು, ತೂಕ, ಅನುಭವಗಳನ್ನು ನೋಡಿ ಯಾರಿಗೆ ಯಾರು ಜೋಡಿ ಎಂದು ತಿಳಿದವರು ಗೊತ್ತುಮಾಡುತ್ತಾರೆ. ಇದು ನೋಡುವವರ ಸಂತೋಷಕ್ಕಾಗಿ ಮಾತ್ರ ಮಾಡಿದ ಏರ್ಪಾಡಲ್ಲ. ನಿಮಗಿಂತ ಬಹಳ ಬಲಶಾಲಿಯೊಡನೆ ಹಿಡಿದರೆ ಎಲ್ಲವೂ ದೌರ್ಬಲ್ಯವಾಗಿ ಕಾಣುತ್ತದೆ. ಬಹಳ ಕೈಲಾಗದವನೊಡನೆ ಹಿಡಿದರೆ ಯಾವುದೂ ಕಾಣುವುದಿಲ್ಲ. ಸಮಾನನೊಡನೆ ಹಿಡಿದಾಗಲೇ ತೂಗುವ ತಕ್ಕಡಿಯ ಮುಳ್ಳು ಸರಿಯಾಗಿ ನಿಲ್ಲುವುದು.

ಈಗ ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. ಸಾತಾರೆ ಜಿಲ್ಲೆಯ ಕರಾಡದ ಹತ್ತಿರ ಗೋಳೇಶ್ವರ ಎಂಬ ಹಳ್ಳಿಯಿದೆ. ಅಲ್ಲಿ 1926ರಲ್ಲಿ ಹುಟ್ಟಿದ ಖಾಶಾಬಾ ಜಾಧವರು ಚಿಕ್ಕ ಮೈಯ, ಚುರುಕು ಕಾಲಿನ ಪೈಲ್ವಾನರು. ಕೊಲ್ಹಾಪುರದ ಮಹಾರಾಜರ ನೆರವಿನಿಂದ ಅವರು 1948ರ ಲಂಡನ್ ಒಲಿಂಪಿಕ್ಸಿಗೆ ಹೋದರು. ಅಲ್ಲಿ ಆರನೆಯ ಸ್ಥಾನ ಬಂತು. ನಮ್ಮ ದೇಶದವರಿಗೆ ಆಗ ಅದೂ ದೊಡ್ಡ ಮಾತೇ. ಆದರೆ ಅಲ್ಲಿ ಕುಸ್ತಿ ನಡೆದದ್ದು ಮಣ್ಣಿನ ಮೇಲಲ್ಲ, ಗಾದಿಯ ಮೇಲೆ, ಎಂದರೆ ಮ್ಯಾಟಿನ ಮೇಲೆ. ನಿಯಮಗಳೂ ಬೇರೆ. ಮಣ್ಣಿನಲ್ಲಿ ಬೆಳೆದ ಜಾಧವರಿಗೆ ಆ ನೆಲವೂ ಆ ನಿಯಮಗಳೂ ಹೊಸವು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಅವರೂ ನೆಲವನ್ನು ದೂರಿ ಸುಮ್ಮನಾಗಬಹುದಿತ್ತು. ಹಾಗೆಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಊರಿಗೆ ಬಂದು ಮುಂದಿನ ನಾಲ್ಕು ವರ್ಷ ಸಾಧನೆ ಮಾಡಿದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ಊರವರು ವಂತಿಗೆ ಕೂಡಿಸಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನೇ ಅಡವಿಟ್ಟು 7000 ರೂಪಾಯಿ ಒದಗಿಸಿದರು. ಅಲ್ಲಿ 57 ಕಿಲೋ ವರ್ಗದಲ್ಲಿ ಜಾಧವರು ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ವ್ಯಕ್ತಿ ಗೆದ್ದು ತಂದ ಮೊದಲ ಒಲಿಂಪಿಕ್ ಪದಕವದು.

ಇದರಿಂದ ತಿಳಿಯುವ ಮೊದಲನೆಯ ಪಾಠವೆಂದರೆ, ದೌರ್ಬಲ್ಯವೆಂಬುದು ಯಾವಾಗಲೂ ಮೈಯಲ್ಲಿರುವ ಕೊರತೆಯಲ್ಲ. ಒಂದು ನೆಲದಲ್ಲಿ ಶಕ್ತಿಯಾಗಿರುವ ರೂಢಿಯೇ ಇನ್ನೊಂದು ನೆಲದಲ್ಲಿ ದೌರ್ಬಲ್ಯವಾಗಬಹುದು. ನಮ್ಮ ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಬೇಕು. ಬೆನ್ನು ಮಣ್ಣಿಗೆ ಹತ್ತದಿದ್ದರೆ ಸೋಲಿಲ್ಲ. ಆದುದರಿಂದ ಬೋರಲಾಗಿ ಮಲಗಿ ಉಸಿರು ಹಿಡಿದು ಕಾಯುವುದನ್ನು ಎಷ್ಟೋ ಮಂದಿ ಕಲಿತಿರುತ್ತಾರೆ. ಇಂದಿನ ಗಾದಿಯ ಕುಸ್ತಿ ಮೂರು ಮೂರು ನಿಮಿಷದ ಎರಡು ಸುತ್ತು. ನಡುವೆ 30 ಸೆಕೆಂಡು ವಿರಾಮ. ಅಲ್ಲಿ ಕೆಳಗೆ ಕೆಡವಿ ಹಿಡಿತಕ್ಕೆ ತೆಗೆದುಕೊಂಡರೆ 2 ಅಂಕ, ಗೆರೆಯ ಹೊರಗೆ ತಳ್ಳಿದರೆ 1 ಅಂಕ, 10 ಅಂಕ ಮುಂದಾದರೆ ಕುಸ್ತಿಯೇ ಮುಗಿಯಿತು. ಬೋರಲು ಬಿದ್ದು ಕಾಯುವವನು ಚಿತ್ ಆಗದೆಯೂ ಸೋಲುತ್ತಾನೆ. ನಮ್ಮ ಮಹಾರಾಷ್ಟ್ರ ಕೇಸರಿ ಪಂದ್ಯದಲ್ಲಿ ಮಣ್ಣಿನ ವಿಭಾಗ, ಗಾದಿಯ ವಿಭಾಗ ಎಂದು ಎರಡಿದ್ದು, ಎರಡರಲ್ಲಿ ಗೆದ್ದವರು ಕೊನೆಗೆ ಎದುರಾಗುತ್ತಾರೆ. ಯಾವ ನೆಲಕ್ಕೆ ಇಳಿಯುತ್ತೀರೋ ಆ ನೆಲದ ನಿಯಮವನ್ನು ಮುಂಚೆಯೇ ಓದಿಕೊಳ್ಳಿರಿ. ನಿಯಮ ತಿಳಿಯದಿರುವುದು ಒಂದು ಗಂಟೆಯಲ್ಲಿ ವಾಸಿಯಾಗುವ ದೌರ್ಬಲ್ಯ. ಅದರಿಂದ ಸೋತರೆ ಬೇಸರ ಹೆಚ್ಚು.

ದೌರ್ಬಲ್ಯವನ್ನು ತಿಳಿದೂ ಅದನ್ನು ಮುಚ್ಚಿಟ್ಟು ಆಡುವವರಿದ್ದಾರೆ. 1910ರ ಸೆಪ್ಟೆಂಬರಿನಲ್ಲಿ ಲಂಡನಿನಲ್ಲಿ ಗಾಮಾ ಪೈಲ್ವಾನರಿಗೂ ಪೋಲೆಂಡಿನ ಜ್ಬಿಸ್ಕೊ ಎಂಬ ಮಲ್ಲನಿಗೂ ನಡೆದ ಕುಸ್ತಿ ಪ್ರಸಿದ್ಧವಾಗಿದೆ. ಮೈತೂಕದಲ್ಲಿ ಜ್ಬಿಸ್ಕೊ ಹೆಚ್ಚಿನವನು. ಆದರೂ ನಿಂತು ಹಿಡಿದರೆ ಗಾಮಾರ ಚುರುಕಿಗೆ ತಾನು ಸಾಟಿಯಲ್ಲವೆಂಬುದು ಅವನಿಗೆ ಬೇಗನೆ ತಿಳಿಯಿತು. ನೆಲಕ್ಕೆ ಅಂಟಿಕೊಂಡು ಮಲಗಿದ. ಎರಡೂವರೆ ಗಂಟೆಗೂ ಮಿಕ್ಕಿ ಕುಸ್ತಿ ನಡೆದರೂ ಗಾಮಾ ಅವನನ್ನು ತಿರುವಲಾಗಲಿಲ್ಲ, ಕುಸ್ತಿ ಸಮವಾಯಿತು. ಮುಂದಿನ ವಾರದ ಮರುಕುಸ್ತಿಗೆ ಜ್ಬಿಸ್ಕೊ ಬರಲೇ ಇಲ್ಲ. ಮತ್ತೆ 1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಎದುರಾದರು. ಆಗ ಇಬ್ಬರೂ ಐವತ್ತರ ಹತ್ತಿರದವರು. ಒಂದು ನಿಮಿಷವೂ ಕಳೆಯುವ ಮೊದಲೇ ಗಾಮಾ ಅವನನ್ನು ಚಿತ್ ಮಾಡಿದರು. ಮುಚ್ಚಿಟ್ಟ ದೌರ್ಬಲ್ಯ ಒಂದು ದಿನದ ಸೋಲನ್ನು ತಪ್ಪಿಸಬಹುದು, ಗೆಲುವನ್ನು ತಂದುಕೊಡದು. ಅದು ತಾನಾಗಿ ಗುಣವಾಗುವುದೂ ಇಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಇಲ್ಲಿ ನೆರೆದಿರುವವರಲ್ಲಿ ಬಹುಮಂದಿ ಗುಮಾಸ್ತರು. ಲೆಕ್ಕದ ಪುಸ್ತಕದ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ. ಕುಸ್ತಿಗೂ ಒಂದು ಲೆಕ್ಕದ ಪುಸ್ತಕ ಇಡಿರಿ. ಸಣ್ಣದೊಂದು ನೋಟುಬುಕ್ಕು ಸಾಕು. ಪಂದ್ಯ ಮುಗಿದ ದಿನವೇ, ಮಲಗುವ ಮೊದಲು, ಗೆದ್ದಿರಲಿ ಸೋತಿರಲಿ, ಬರೆದಿಡಿರಿ: ಎದುರಾಳಿ ಎತ್ತರದವನೋ ಗಿಡ್ಡನೋ, ಮೊದಲ ಪಟ್ಟು ಯಾರು ಹಾಕಿದರು, ನನಗೆ ತೊಂದರೆ ಯಾವ ನಿಮಿಷದಲ್ಲಿ ಆರಂಭವಾಯಿತು, ಎಡದಿಂದಲೋ ಬಲದಿಂದಲೋ, ಆಗ ನನ್ನ ತಲೆ, ಕೈ, ಕಾಲು ಎಲ್ಲಿದ್ದವು, ಉಸಿರು ಹೇಗಿತ್ತು, ಹಿಂದಿನ ಬಾರಿಯೂ ಹೀಗೆ ಆಗಿತ್ತೇ. ಎರಡು ದಿನ ಬಿಟ್ಟು ಬರೆದರೆ ಪ್ರಯೋಜನವಿಲ್ಲ. ಎರಡು ದಿನದಲ್ಲಿ ಮನಸ್ಸು ತನಗೆ ಬೇಕಾದ ಹಾಗೆ ಕಥೆ ಕಟ್ಟಿಕೊಂಡುಬಿಡುತ್ತದೆ.

ಒಂದು ಬಾರಿ ಆದದ್ದು ಆಕಸ್ಮಿಕವಿರಬಹುದು. ಅದೇ ಮಾತು ಮೂರು ಕುಸ್ತಿಯಲ್ಲಿ ಬಂದಿದ್ದರೆ ಅದಕ್ಕೆ ದೌರ್ಬಲ್ಯವೆಂದು ಹೆಸರಿಡಬಹುದು.

ಬರೆಯುವಾಗ ಮುಖ್ಯವಾದ ಎಚ್ಚರವೊಂದಿದೆ. ನಾವು ಯಾವಾಗಲೂ ಕೊನೆಯ ಕ್ಷಣವನ್ನೇ ನೆನಪಿಟ್ಟುಕೊಳ್ಳುತ್ತೇವೆ. ಧೋಬಿಪಛಾಡಿಗೆ ಬಿದ್ದೆ, ಆದುದರಿಂದ ಧೋಬಿಪಛಾಡಿಗೆ ತೋಡು ಕಲಿಯಬೇಕು ಎನ್ನುತ್ತೇವೆ. ಅದು ಅಷ್ಟು ಸರಳವಲ್ಲ. ಬಿದ್ದ ಕ್ಷಣದಿಂದ ಹಿಂದಕ್ಕೆ ನಡೆಯಿರಿ. ಅವನು ನನ್ನ ತೋಳನ್ನು ಏಕೆ ಹಿಡಿಯಲಾಯಿತು? ನಾನು ಅವನ ಕುತ್ತಿಗೆಯ ಮೇಲೆ ಕೈಹಾಕಿ ಭಾರ ಬಿಟ್ಟು ನಿಂತಿದ್ದೆ. ಹಾಗೇಕೆ ನಿಂತೆ? ಕಾಲು ಸೋತಿತ್ತು. ಕಾಲು ಏಕೆ ಸೋತಿತು? ಮೊದಲ ಎರಡು ನಿಮಿಷ ಬರಿಯ ತಳ್ಳಾಟದಲ್ಲಿ ಉಸಿರು ಕಳೆದುಕೊಂಡಿದ್ದೆ. ನೋಡಿದಿರಾ, ಚಿತ್ ಆದದ್ದು ಐದನೆಯ ನಿಮಿಷದಲ್ಲಿ. ಸೋತದ್ದು ಎರಡನೆಯ ನಿಮಿಷದಲ್ಲಿ. ಇವನಿಗೆ ಬೇಕಾದುದು ಹೊಸ ತೋಡಲ್ಲ, ಉಸಿರನ್ನು ಮಿತವಾಗಿ ಬಳಸುವ ರೂಢಿ.

ಉಸಿರಿನ ದೌರ್ಬಲ್ಯ ಏದುಸಿರಿನಿಂದ ಮಾತ್ರ ತಿಳಿಯುವುದಿಲ್ಲ. ಏದುಸಿರು ಬರುವುದು ಕೊನೆಗೆ. ಮೊದಲು ತಲೆ ಬಾಗುತ್ತದೆ, ಕೈ ಎದುರಾಳಿಯ ಮೈಮೇಲೆ ಜೋತುಬೀಳುತ್ತದೆ, ಹೆಜ್ಜೆ ಎಳೆದಂತಾಗುತ್ತದೆ. ಇದಕ್ಕೆ ಇನ್ನೂ ನೂರು ದಂಡ, ನೂರು ಬೈಠಕ್ ಮದ್ದಲ್ಲ. ಗಡಿಯಾರ ಇಟ್ಟುಕೊಂಡು, ಎರಡು ನಿಮಿಷಕ್ಕೊಬ್ಬ ದಣಿಯದ ಜೊತೆಗಾರನನ್ನು ಬದಲಿಸುತ್ತ ಆರು ನಿಮಿಷ ಕುಸ್ತಿ ಹಿಡಿಯಿರಿ. ಆಗ ಕಾಣುತ್ತದೆ.

ಒಂದೇ ಕಡೆಯ ಪೈಲ್ವಾನನದು ಇನ್ನೊಂದು ದೌರ್ಬಲ್ಯ. ಪ್ರತಿಯೊಬ್ಬನಿಗೂ ಮುಂದಿಡುವ ಕಾಲು ಒಂದು, ನೆಚ್ಚಿನ ಡಾವು ಒಂದು. ಅದು ತಪ್ಪಲ್ಲ. ಆದರೆ ಎದುರಾಳಿ ಅರ್ಧ ನಿಮಿಷದಲ್ಲಿ ಅದನ್ನು ಕಂಡುಕೊಳ್ಳುತ್ತಾನೆ. ಬಲಗಡೆಗೆ ಎಷ್ಟು ಸಲ ನುಗ್ಗಿದೆ, ಎಡಗಡೆಗೆ ಎಷ್ಟು ಸಲ ನುಗ್ಗಿದೆ ಎಂದು ಗೆಳೆಯನೊಬ್ಬನಿಂದ ಎಣಿಸಿರಿ. ಎಡಗಡೆಯ ಲೆಕ್ಕ ಸೊನ್ನೆಯಾಗಿದ್ದರೆ ಆಶ್ಚರ್ಯಪಡಬೇಡಿ.

ನಮ್ಮ ಕೆಲಸವೂ ಮೈಯಲ್ಲಿ ಗುರುತು ಬಿಡುತ್ತದೆ. ಇಡೀ ದಿನ ಕುರ್ಚಿಯ ಮೇಲೆ ಕುಳಿತವನ ಸೊಂಟ ಬಿಗಿದಿರುತ್ತದೆ. ಬಾಗಿ ಕಾಲಿಗೆ ನುಗ್ಗುವಾಗ ಬೆನ್ನು ಮಾತ್ರ ಬಾಗುತ್ತದೆ, ಮಂಡಿ ಬಾಗುವುದಿಲ್ಲ. ಮೂಟೆ ಹೊರುವವನ, ಕಟ್ಟಡದ ಕೆಲಸದವನ ಭುಜ ಮತ್ತು ಹಿಡಿತ ಗಟ್ಟಿ. ಆದರೆ ಅವನು ಗರಡಿಗೆ ಬರುವಾಗಲೇ ಅರ್ಧ ದಣಿದಿರುತ್ತಾನೆ. ರಾತ್ರಿಪಾಳಿಯವನಿಗೆ ನಿದ್ದೆಯ ಸಾಲ. ಇವರೆಲ್ಲ ಒಂದೇ ಸಾಮು ಮಾಡಿದರೆ ಒಬ್ಬನಿಗೆ ಲಾಭ, ಒಬ್ಬನಿಗೆ ನಷ್ಟ. ಈ ಮುಂಬಯಿಯ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಕಾರ್ಮಿಕರ ಕೇರಿಗಳಲ್ಲಿ ವ್ಯಾಯಾಮಶಾಲೆಗಳಿದ್ದವು. ಪಾಳಿ ಮುಗಿಸಿ ಬಂದವರು ಅಲ್ಲಿ ಸಾಮು ಮಾಡುತ್ತಿದ್ದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ದುಡಿದು ದಣಿದ ಮೈಯನ್ನು ಅರಿತು ಸಾಮು ಮಾಡಬೇಕೆಂಬ ಮಾತು ಮಾತ್ರ ಹಳೆಯದಾಗಿಲ್ಲ.

ಮನಸ್ಸಿನ ದೌರ್ಬಲ್ಯ ಎರಡು ವೇಷದಲ್ಲಿ ಬರುತ್ತದೆ. ಮುಂದಿದ್ದಾಗ ಸಡಿಲಾಗುವವರು ಕೆಲವರು. ಹಿಂದೆ ಬಿದ್ದಾಗ ಆತುರಪಡುವವರು ಕೆಲವರು. ನೀವು ಯಾವ ಗುಂಪಿನವರೆಂಬುದು ನೋಟುಬುಕ್ಕಿನ ಮೂರನೆಯ ಪುಟದ ಹೊತ್ತಿಗೆ ತಿಳಿಯುತ್ತದೆ. 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಸಾಕ್ಷಿ ಮಲಿಕ್ ಅದೇ ದಿನ ಒಂದು ಕುಸ್ತಿ ಸೋತು, ಮತ್ತೆ ಸಿಕ್ಕ ಅವಕಾಶದಲ್ಲಿ ಕಂಚಿನ ಪದಕದ ಕುಸ್ತಿಗೆ ಬಂದರು. ಅಲ್ಲಿಯೂ 0-5 ಹಿಂದೆ ಬಿದ್ದರು. ಕೊನೆಯ ಸೆಕೆಂಡುಗಳವರೆಗೂ ಬಿಡದೆ ಹಿಡಿದು 8-5ರಿಂದ ಗೆದ್ದರು. ಕುಸ್ತಿಯಲ್ಲಿ ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರು. ಹಿಂದೆ ಬಿದ್ದಾಗ ತಲೆ ಕೆಡದಿರುವುದು ಹುಟ್ಟಿನಿಂದ ಬಂದ ಗುಣವೆಂದು ತಿಳಿಯಬೇಡಿ. ಗರಡಿಯಲ್ಲಿ ಜೊತೆಗಾರನಿಗೆ ಮೊದಲೇ ಐದು ಅಂಕ ಕೊಟ್ಟು ಕುಸ್ತಿ ಆರಂಭಿಸಿ ನೋಡಿ; ಅದೂ ಅಭ್ಯಾಸದಿಂದ ಬರುವುದೇ.

ತೂಕದ ವಿಷಯವನ್ನು ಸ್ವಲ್ಪ ಗಂಭೀರವಾಗಿ ಹೇಳಬೇಕಾಗಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ 50 ಕಿಲೋ ವರ್ಗದಲ್ಲಿ ಒಂದೇ ದಿನ ಮೂರು ಕುಸ್ತಿ ಗೆದ್ದು ಅಂತಿಮ ಸುತ್ತಿಗೆ ಬಂದರು. ಮರುದಿನ ಬೆಳಿಗ್ಗೆ ತಕ್ಕಡಿಯಲ್ಲಿ 100 ಗ್ರಾಂ ಹೆಚ್ಚು ಬಂದುದರಿಂದ ಪಂದ್ಯದಿಂದಲೇ ಹೊರಗಾದರು. ಅವರ ಕುಸ್ತಿಯಲ್ಲಿ ಕೊರತೆಯಿರಲಿಲ್ಲ, ಧೈರ್ಯದಲ್ಲಂತೂ ಇರಲಿಲ್ಲ. ಅವರು ಮೊದಲು 53 ಕಿಲೋ ವರ್ಗದಲ್ಲಿ ಆಡುತ್ತಿದ್ದವರು. ಅಂಥ ಪ್ರವೀಣರಿಗೆ, ವೈದ್ಯರೂ ತರಬೇತುದಾರರೂ ಜೊತೆಗಿದ್ದಾಗಲೇ ಇದು ಇಷ್ಟು ಕಷ್ಟವಾದರೆ, ದುಡಿದು ಬಂದು ಕುಸ್ತಿ ಹಿಡಿಯುವ ನಮ್ಮ ಹುಡುಗರ ಪಾಡೇನು? ಹಿಂದಿನ ದಿನ ನೀರು ಬಿಟ್ಟು, ಬೆಚ್ಚನೆಯ ಬಟ್ಟೆ ಹೊದ್ದು ಓಡಿ ತೂಕ ಇಳಿಸುವವರನ್ನು ನಾವು ಕಾಣುತ್ತೇವೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಹೀಗೆ ತೂಕ ಇಳಿಸಲು ಹೋಗಿ ಸುಮಾರು ಒಂದು ತಿಂಗಳೊಳಗೆ ಮೂವರು ಕಾಲೇಜು ಹುಡುಗರು ಪ್ರಾಣ ಕಳೆದುಕೊಂಡರು. ಆಮೇಲೆ ಅಲ್ಲಿಯ ನಿಯಮಗಳನ್ನೇ ಬದಲಿಸಬೇಕಾಯಿತು. ತಮ್ಮಂದಿರೆ, ನಿಮ್ಮ ಮೈ ಸಹಜವಾಗಿ ಯಾವ ತೂಕದಲ್ಲಿ ನಿಲ್ಲುತ್ತದೋ ಆ ವರ್ಗಕ್ಕೆ ಹೆಸರು ಕೊಡಿರಿ. ಪ್ರತಿವಾರ ಒಂದೇ ದಿನ, ಒಂದೇ ಹೊತ್ತಿಗೆ ತೂಗಿ ಬರೆದಿಡಿರಿ. ಹಾಗೆಯೇ ಪೆಟ್ಟನ್ನು ಮುಚ್ಚಿಡಬೇಡಿರಿ. ದಿನಗೂಲಿಯವನ ಭುಜ ಜಾರಿದರೆ ಕುಸ್ತಿ ಮಾತ್ರ ನಿಲ್ಲುವುದಲ್ಲ. ಊರಿಗೆ ಹೋಗುವ ಮನಿಆರ್ಡರೂ ನಿಲ್ಲುತ್ತದೆ.

ಎಷ್ಟು ಬರೆದರೂ ನಮ್ಮ ಬೆನ್ನು ನಮಗೆ ಕಾಣುವುದಿಲ್ಲ. ಅದಕ್ಕೆ ಹೊರಗಿನ ಕಣ್ಣು ಬೇಕು. ಭೀಮ-ಜರಾಸಂಧರ ಮಲ್ಲಯುದ್ಧದ ಕಥೆ ನೆನಪಿಸಿಕೊಳ್ಳಿರಿ. ಭೀಮನು ಜರಾಸಂಧನನ್ನು ಸೀಳಿ ಎಸೆಯುತ್ತಾನೆ. ಸೀಳಿದ ಭಾಗಗಳು ಮತ್ತೆ ಕೂಡಿಕೊಳ್ಳುತ್ತವೆ. ಭೀಮನಿಗೆ ಬಲ ಕಡಿಮೆಯಿತ್ತೇ? ಇಲ್ಲ. ಆದರೆ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದ. ಬದಿಯಲ್ಲಿ ನಿಂತ ಕೃಷ್ಣನು ಹುಲ್ಲುಕಡ್ಡಿಯೊಂದನ್ನು ಸೀಳಿ ಅದಲುಬದಲಾಗಿ ಎಸೆದು ತೋರಿಸಿದ. ಅಷ್ಟು ಸಾಕಾಯಿತು. ಕೃಷ್ಣ ಅಖಾಡಕ್ಕೆ ಇಳಿಯಲಿಲ್ಲ, ದೊಡ್ಡ ಭಾಷಣವನ್ನೂ ಮಾಡಲಿಲ್ಲ. ನಿಮಗೂ ಅಂಥ ಒಬ್ಬ ಗೆಳೆಯನಿರಲಿ. ಅವನು ಹೊಗಳುವವನಾಗಬೇಕಾಗಿಲ್ಲ, ಬೈಯುವವನೂ ಆಗಬೇಕಾಗಿಲ್ಲ. ಕಂಡದ್ದನ್ನು ಹೇಳುವವನಾದರೆ ಸಾಕು. ಈಗ ಪ್ರತಿಯೊಬ್ಬನ ಕಿಸೆಯಲ್ಲಿ ಚಿತ್ರ ತೆಗೆಯುವ ಫೋನು ಇದೆ. ಗೆಲುವಿನ ಭಂಗಿಯನ್ನು ಮಾತ್ರ ತೆಗೆಯದೆ ಇಡೀ ಕುಸ್ತಿಯನ್ನು ತೆಗೆದು, ಉಸ್ತಾದರ ಜೊತೆ ಕುಳಿತು ನೋಡಿರಿ.

ಲೆಕ್ಕ ಬರೆಯುವಾಗ ನ್ಯಾಯವೂ ಇರಬೇಕು. ಹೆಲ್ಸಿಂಕಿಯಲ್ಲಿ ಜಾಧವರು ಜಪಾನಿನ ಇಶಿಯೊಡನೆ ದೀರ್ಘ ಕುಸ್ತಿ ಮುಗಿಸಿದ ಬೆನ್ನಿಗೇ ಸೋವಿಯತ್ ದೇಶದ ಮಲ್ಲನೊಡನೆ ಇಳಿಯಬೇಕಾಯಿತು. ನಿಯಮದಂತೆ ಸಿಗಬೇಕಾಗಿದ್ದ ವಿಶ್ರಾಂತಿಯನ್ನು ಕೇಳಿ ಕೊಡಿಸಲು ನಮ್ಮ ಕಡೆಯ ಅಧಿಕಾರಿಗಳು ಯಾರೂ ಹತ್ತಿರವಿರಲಿಲ್ಲ. ಆ ಸೋಲನ್ನು ಜಾಧವರ ದೌರ್ಬಲ್ಯದ ಖಾತೆಗೆ ಬರೆಯುವುದು ಅನ್ಯಾಯ. ಹೀಗೆ ನಮ್ಮದಲ್ಲದ ಸಾಲವೂ ಇರುತ್ತದೆ. ಅದನ್ನು ಬೇರೆ ಪುಟದಲ್ಲಿ ಬರೆಯಿರಿ. ಆದರೆ ನೆಪ ಯಾವುದು, ಕಾರಣ ಯಾವುದು ಎಂದು ತಿಳಿಯುವುದು ಹೇಗೆ? ನನಗೆ ತೋರುವ ಅಳತೆಗೋಲು ಇದು: ಹೇಳಿಮುಗಿಸಿದ ಮೇಲೆ ನಾಳೆ ಬೆಳಿಗ್ಗೆ ಮಾಡಲು ಏನಾದರೂ ಕೆಲಸ ಉಳಿದರೆ ಅದು ಕಾರಣ, ಏನೂ ಉಳಿಯದಿದ್ದರೆ ಅದು ನೆಪ. ತೀರ್ಪುಗಾರ ಸರಿಯಿರಲಿಲ್ಲ ಎಂದರೆ ಕೆಲಸ ಮುಗಿಯಿತು. ತೀರ್ಪಿನವರೆಗೆ ಕುಸ್ತಿಯನ್ನು ಏಕೆ ಬಿಟ್ಟೆ ಎಂದರೆ ಕೆಲಸ ಆರಂಭವಾಯಿತು.

ಗುರುತಿಸಿದ ದೌರ್ಬಲ್ಯಗಳನ್ನೆಲ್ಲ ಒಟ್ಟಿಗೆ ತಿದ್ದಲು ಹೋಗಬೇಡಿರಿ. ಕೆಲಸಕ್ಕೆ ಹೋಗುವವನಿಗೆ ಬೆಳಿಗ್ಗೆ ಒಂದೂವರೆ ಗಂಟೆ ಸಿಕ್ಕರೆ ಹೆಚ್ಚು. ಒಂದನ್ನು ಆರಿಸಿಕೊಳ್ಳಿರಿ, ಯಾವುದನ್ನು ತಿದ್ದಿದರೆ ಉಳಿದ ಎರಡು ತಾವಾಗಿ ಕಡಿಮೆಯಾಗುವುವೋ ಅದನ್ನು. ಮುಂದಿನ ಪಂದ್ಯದವರೆಗೆ ಅದೊಂದರ ಮೇಲೆಯೇ ಕೆಲಸ ಮಾಡಿರಿ. ಆ ಪಂದ್ಯದಲ್ಲಿ ಸೋತರೂ, ತಿದ್ದಿಕೊಂಡದ್ದು ನಿಂತಿತೇ ಎಂದು ನೋಡಿರಿ. ನಿಂತಿದ್ದರೆ ಆ ಪುಟಕ್ಕೆ ಒಂದು ಗೆರೆ ಹೊಡೆದು ಮುಂದಿನದಕ್ಕೆ ಹೋಗಿರಿ. ತಿದ್ದಲು ಕೂತವನು ತನ್ನ ನೆಚ್ಚಿನ ಡಾವನ್ನು ಮರೆಯಬಾರದು. ದೌರ್ಬಲ್ಯವನ್ನು ತಿದ್ದುವುದು ಸೋಲದಿರಲು, ಗೆಲ್ಲುವುದು ಮಾತ್ರ ನಮ್ಮ ಬಲದಿಂದಲೇ.

ಊರು ಬಿಟ್ಟು ಬಂದ ತರುಣರು ಮೊದಲ ಪಂದ್ಯದಲ್ಲಿ ಸೋತು, ಮುಖ ತೋರಿಸಲು ನಾಚಿ ಗರಡಿಯನ್ನೇ ಬಿಟ್ಟುಬಿಡುವುದನ್ನು ನಾವು ನೋಡುತ್ತೇವೆ. ಪರಊರಿನಲ್ಲಿ ಗರಡಿ ಬಿಟ್ಟರೆ ಗೆಳೆಯರನ್ನೂ ಬಿಟ್ಟಂತೆ, ಬೆಳಗಿನ ಶಿಸ್ತನ್ನೂ ಬಿಟ್ಟಂತೆ. ಬಿಡುವಿನ ಹೊತ್ತು ಎತ್ತ ಕಡೆ ಹೋಗುವುದೋ ಹೇಳಲಾಗದು. ಹಿರಿಯರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಸೋತು ಬಂದ ಹುಡುಗನನ್ನು ಎಷ್ಟನೆಯ ಸ್ಥಾನ ಬಂತು ಎಂದು ಕೇಳಬೇಡಿರಿ, ಏನು ಕಂಡುಕೊಂಡು ಬಂದೆ ಎಂದು ಕೇಳಿರಿ. ಅವನಿಗೆ ಉತ್ತರ ಹೇಳಲು ಬಂದರೆ ಅವನು ಬರಿಗೈಯಲ್ಲಿ ಬಂದಿಲ್ಲವೆಂದು ತಿಳಿಯಿರಿ.